ಏನೂ ಮಾಡದ ಕೋತಿಗಳು

ಸತ್ತ ಕೋತಿಗಳ ಮಿದುಳಿನಲ್ಲಿ ಹೊಸದಾಗಿ ಹುಟ್ಟಿದ ಕೋಶಗಳನ್ನು ಎಣಿಸುವುದು ನನ್ನ ಕೆಲಸ. ಮಿದುಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಿಟ್ಟಿರುತ್ತಾರೆ. ಹೊಸ ಕೋಶಗಳು ಕಂದು ಚುಕ್ಕೆಗಳಾಗಿ ಕಾಣುತ್ತವೆ. ಗಾಜಿನ ಮೇಲೆ ಬರೀ ಅಂಕಿ. ಯಾವ ಕೋತಿಗೆ ಔಷಧ ಚುಚ್ಚಿದರು, ಯಾವುದಕ್ಕೆ ಉಪ್ಪುನೀರು ಚುಚ್ಚಿದರು ಎಂಬುದು ಎಣಿಸುವವರಿಗೆ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಎಣಿಸುತ್ತದೆ.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರು, ಯಾವ ಅಂಕಿಗೆ ಏನು ಚುಚ್ಚಿದರು ಎಂದು ಬರೆದಿಟ್ಟಿದ್ದ ಲಕೋಟೆಯನ್ನು ಎಲ್ಲರ ಮುಂದೆ ಒಡೆದರು. ಒಟ್ಟು ಹದಿನಾರು ಕೋತಿ. ಔಷಧ ಪಡೆದ ಎಂಟರಲ್ಲಿ ಹೊಸ ಕೋಶಗಳು ಉಳಿದವುಗಳ ಅರ್ಧದಷ್ಟೂ ಇರಲಿಲ್ಲ.

ಔಷಧ ಹೊಸದಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಚುಚ್ಚುಮದ್ದು. ಯಕೃತ್ತಿಗೆ ವೈರಸ್ ಹತ್ತಿದವರಿಗೆ ವಾರಕ್ಕೊಂದರಂತೆ ಕೊಡುತ್ತಾರೆ. ನನ್ನ ಗಂಡನಿಗೂ ಕೊಟ್ಟಿದ್ದರು.

"ಕೋಶ ಕಮ್ಮಿ ಆಗಿದೆ, ಒಪ್ಕೊಂಡೆ," ಎಂದರು ಮುಖ್ಯಸ್ಥರು. "ಆದ್ರೆ ನಡವಳಿಕೆ ನೋಡಿ. ಕಚ್ಚಾಟ ಇಲ್ಲ, ಕಿರುಚಾಟ ಇಲ್ಲ. ಮೊದಲಿಗಿಂತ ಶಾಂತ. ನಮ್ಮನೆ ಮಕ್ಕಳಿಗೂ ಒಂದೊಂದು ಚುಚ್ಚಿಸ್ಬೇಕು."

ಎಲ್ಲರೂ ನಕ್ಕರು. ವರದಿಯ ಕೊನೆಯ ಸಾಲು ಆಗಲೇ ಟೈಪಾಗಿತ್ತು: 'ಕೋಶಗಳ ಇಳಿಕೆಯಿಂದ ನಡವಳಿಕೆಗೆ ಹಾನಿ ಕಂಡುಬಂದಿಲ್ಲ.' ಕೆಳಗೆ ನನ್ನ ಸಹಿಗೆ ಜಾಗ. ಶುಕ್ರವಾರ ಅದು ವೈದ್ಯರಿಗೆ ಸೂಚನೆ ಬರೆಯುವ ಸಮಿತಿಗೆ ಹೋಗಬೇಕಿತ್ತು. ಆ ಸಾಲು ಹಾಗೇ ಹೋದರೆ ಚುಚ್ಚುಮದ್ದು ತೆಗೆದುಕೊಳ್ಳುವವರ ಮನಸ್ಸಿನ ಮೇಲೆ ಕಣ್ಣಿಡಿ ಎಂದು ಯಾವ ವೈದ್ಯರಿಗೂ ಯಾರೂ ಹೇಳುವುದಿಲ್ಲ.

ನಡವಳಿಕೆಯ ಹಾಳೆ ತುಂಬಿದವಳೂ ನಾನೇ. ಹೋದ ವರ್ಷ, ಎಂಟು ವಾರ, ಪಂಜರಗಳ ಮುಂದೆ ನಿಂತು. ಹಾಳೆಯಲ್ಲಿ ಚೌಕಗಳಿದ್ದವು. ಕಚ್ಚಿದರೆ ಗುರುತು, ಕಿರುಚಿದರೆ ಗುರುತು, ಕೂದಲು ಕಿತ್ತುಕೊಂಡರೆ ಗುರುತು. ಏನೂ ಮಾಡದಿದ್ದರೆ ಚೌಕ ಖಾಲಿ. ಖಾಲಿ ಚೌಕವನ್ನು ಕಂಪ್ಯೂಟರು ಸೊನ್ನೆ ಎಂದು ಓದಿತು. ಸೊನ್ನೆಯನ್ನು ಮುಖ್ಯಸ್ಥರು ಶಾಂತ ಎಂದು ಓದಿದರು.

ಪಂಜರಗಳಿಗೆ ಹಣ್ಣು ಹಂಚುವ ಮುದುಕರನ್ನು ನಾವೆಲ್ಲ ಹಣ್ಣಜ್ಜ ಅನ್ನುತ್ತೇವೆ. ಅವರು ಆಗಲೇ ಹೇಳಿದ್ದರು: "ಅಮ್ಮಾ, ಹನ್ನೊಂದನೇದು, ಆ ಹರಿದ ಕಿವಿದು, ಸೊರಗ್ತಾ ಇದೆ. ಗೋಡೆ ನೋಡ್ಕೊಂಡು ಕೂತಿರತ್ತೆ."

"ಅದಕ್ಕೆ ಹಾಳೇಲಿ ಜಾಗ ಇಲ್ಲ ಅಜ್ಜ," ಎಂದಿದ್ದೆ.

ಅದೇ ವಾರಗಳಲ್ಲಿ ಮನೆಯಲ್ಲಿ ನನ್ನ ಗಂಡನೂ ಚುಚ್ಚುಮದ್ದಿನಲ್ಲಿದ್ದ. ಲಿಫ್ಟ್ ಮೆಕ್ಯಾನಿಕ್. ಮೊದಲೆಲ್ಲ ಬಾಗಿಲಲ್ಲೇ ಬೂಟು ಎಸೆದು ಕೂಗಾಡುತ್ತಿದ್ದ, ಕೂಗಿದ ಮರುಗಳಿಗೆ ನಗಿಸುತ್ತಿದ್ದ. ಏಳನೇ ವಾರದಿಂದ ಬೂಟುಗಳು ಜೋಡಿಯಾಗಿ ಗೋಡೆಗೆ ಒತ್ತಿ ಇರುತ್ತಿದ್ದವು. 'ಅಂತೂ ಮನುಷ್ಯ ಆದ ಕಣೇ' ಎಂದು ತಂಗಿಗೆ ಫೋನಿನಲ್ಲಿ ಹೇಳಿದ್ದೆ. ಹದಿನೇಳನೇ ವಾರ, ಎಂಟನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಸುರಕ್ಷತೆಯ ಬೆಲ್ಟು ಬಿಚ್ಚಿ, ಮಡಿಸಿ, ಪಕ್ಕಕ್ಕಿಟ್ಟಿದ್ದ. ಪೊಲೀಸರು ಅಪಘಾತದ ಸಾವು ಎಂದು ಬರೆದುಕೊಂಡರು. ಕಾಲು ಜಾರಿ ಬೀಳುವವರು ಯಾರೂ ಮುಂಚೆ ಬೆಲ್ಟು ಮಡಿಸುವುದಿಲ್ಲ.

ಸೋಮವಾರ ಸಂಜೆ ಅತ್ತೆ ಒಗೆದ ಬಟ್ಟೆ ಮಡಿಸುತ್ತ ಎಂದಿನ ಮಾತೇ ತೆಗೆದರು. "ಕೊನೇ ದಿನಗಳಲ್ಲಿ ನನ್ನ ಮಗ ಎಷ್ಟು ತಣ್ಣಗಾಗಿದ್ದ. ಆ ಸೂಜಿದೇ ಪುಣ್ಯ."

"ತಣ್ಣಗಾಗಿರ್ಲಿಲ್ಲ ಅತ್ತೆ. ಅವನ ಒಳಗೆ ಏನೋ ನಿಂತುಹೋಗಿತ್ತು. ಸೂಜಿಯಿಂದಲೇ."

ಅವರ ಕೈ ನಿಂತಿತು. "ಈಗ ಹೇಳ್ತೀಯಾ? ಇಷ್ಟು ಓದಿದವಳು. ಒಂದೇ ಸೂರಿನ ಕೆಳಗೆ ಇದ್ದೆ. ಕಣ್ಣಲ್ಲಿ ಏನಿಟ್ಕೊಂಡಿದ್ದೆ?"

ಬೇರೆ ದಿನವಾಗಿದ್ದರೆ ತಿರುಗಿ ಅನ್ನುತ್ತಿದ್ದೆ. ಅಂದು ಅವರು ಅಂದದ್ದು ಸರಿಯಾಗಿತ್ತು.

ಮಂಗಳವಾರ ಹಣ್ಣಜ್ಜನ ಹೋದ ವರ್ಷದ ನೋಟ್‌ಬುಕ್ ಕೇಳಿ ಪಡೆದೆ. ಕೋತಿ ಸೊರಗಿದರೆ ಮೊದಲು ಬೈಗುಳ ತಿನ್ನುವವರು ಅವರು. ಅದಕ್ಕೇ ಪ್ರತಿದಿನ ಒಂದು ಹೋಳು ಹಣ್ಣನ್ನು ಕೈಯಿಂದಲೇ ಕೊಟ್ಟು, ಕೋತಿ ಅದನ್ನು ಹೇಗೆ ತೆಗೆದುಕೊಂಡಿತು ಎಂದು ಬರೆದಿಡುತ್ತಾರೆ. 'ಮೂರು: ಕಿತ್ಕೊಂಡ. ಐದು: ಹಿಡಿದು ಬಿಟ್ಟ. ಹನ್ನೊಂದು: ನೋಡ್ಲಿಲ್ಲ.' ಮರುದಿನ, 'ಹನ್ನೊಂದು: ನೋಡ್ಲಿಲ್ಲ.' ಅದರ ಮರುದಿನವೂ. ಬೆರಳಿಟ್ಟು ಲೆಕ್ಕ ಹಾಕಿದೆ. ವಾರಗಟ್ಟಲೆ ಹಣ್ಣು ಮುಟ್ಟದ ಕೋತಿಗಳು ಏಳು. ಏಳೂ ಔಷಧ ಪಡೆದವು.

ನೋಟ್‌ಬುಕ್ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಹಣ್ಣಜ್ಜನೂ ಬಂದು ಬಾಗಿಲಲ್ಲಿ ನಿಂತರು.

"ನಡವಳಿಕೆ ಹಾಳೆಗಳನ್ನ ವಾಪಸ್ ತಗೋತಿದೀನಿ ಸರ್."

"ವಾಪಸ್ ಅಂದ್ರೆ? ನೀನೇ ತುಂಬಿದ್ದಲ್ವಾ?"

"ಅದಕ್ಕೇ ವಾಪಸ್ ತಗೋಬಹುದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ದನಿ ಮೆತ್ತಗೆ ಮಾಡಿಕೊಂಡರು. "ನೋಡಮ್ಮ, ನಿನ್ನ ಕಷ್ಟ ನಂಗೆ ಗೊತ್ತು. ಆದ್ರೆ ಮನೆ ದುಃಖಾನ ಪ್ರಯೋಗಶಾಲೆಗೆ ತರಬಾರ್ದು."

ಒಂದು ವರ್ಷದಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆಗ ಅನ್ನಿಸಿತು. ಕಿವಿಯವರೆಗೂ ಬಿಸಿಯಾಯಿತು.

"ಕೋಶ ಎಣಿಸುವಾಗ ಯಾವ ಗಾಜು ಯಾರದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಸರ್. ಹಣ್ಣು ಕೊಡುವಾಗ ಯಾವ ಕೋತಿಗೆ ಏನು ಚುಚ್ಚಿದಾರೆ ಅಂತ ಅಜ್ಜಂಗೂ ಗೊತ್ತಿರ್ಲಿಲ್ಲ. ದುಃಖ ಎಲ್ಲಿಂದ ಬಂತು ಇದ್ರಲ್ಲಿ?"

"ಹಣ್ಣು ಹಂಚೋರ ನೋಟ್‌ಬುಕ್ಕು ವಿಜ್ಞಾನ ಅಲ್ಲ."

"ಖಾಲಿ ಚೌಕ ವಿಜ್ಞಾನಾನಾ?"

"ಸಮಿತಿಯವರು ಏನಂತಾರೆ? ಹಾಳೆ ತುಂಬೋಕೂ ಬರಲ್ವಾ ಇವರಿಗೆ ಅಂತಾರೆ. ನಿನ್ನ ಹೆಸರೇ ಕೆಡೋದು, ನಂದಲ್ಲ."

"ಕೋತಿ ತಿಂದು ಮೇಕೆ ಬಾಯಿಗೆ ಒರೆಸ್ತಂತೆ," ಎಂದರು ಹಣ್ಣಜ್ಜ, ಗೋಡೆಗೆ ಹೇಳುವಂತೆ. "ಇಲ್ಲಿ ಪಾಪ ಕೋತಿ ತಿಂದೂ ಇಲ್ಲ."

"ನೀವು ಹೊರಗೆ ಹೋಗ್ರೀ!"

ಅವರು ಹೋಗಲಿಲ್ಲ. ನಾನು ಅಲ್ಲೇ ನಿಂತು, ಅವರದೇ ಮೇಜಿನ ಮೇಲೆ, ಅವರದೇ ಪೆನ್ನಿನಲ್ಲಿ ಬರೆದೆ. 'ಹಾಳೆಗಳನ್ನು ತುಂಬಿದವಳು ನಾನು. ಕೋತಿಗಳು ಏನೂ ಮಾಡದೆ ಕುಳಿತಿದ್ದನ್ನು ನೋಡಿದ್ದೆ, ದಾಖಲಿಸಲಿಲ್ಲ. ಅವು ಶಾಂತವಾಗಿದ್ದವು ಎನ್ನಲು ಈ ಹಾಳೆಗಳು ಆಧಾರವಲ್ಲ.' ಹೆಸರು ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ನೇರ ಸಮಿತಿಗೇ ಕಳಿಸಿದೆ.

ಶುಕ್ರವಾರ ವರದಿ ಹೋಗಲಿಲ್ಲ. ಪಂಜರಗಳ ಕ್ಯಾಮೆರಾ ವಿಡಿಯೊಗಳನ್ನು ಮತ್ತೆ ನೋಡಿ, ಸುಮ್ಮನೆ ಕುಳಿತ ಹೊತ್ತನ್ನೂ ಎಣಿಸಿ ಎಂದು ಸಮಿತಿ ಬರೆಯಿತು. ಎಣಿಸುವ ಕೋಣೆಯ ಬೀಗದ ಕೈಯನ್ನು ಮುಖ್ಯಸ್ಥರು ನನ್ನಿಂದ ವಾಪಸ್ ಪಡೆದರು. ನಾನು ಲಕೋಟೆ ನೋಡಿಯಾಗಿದೆ, ನನ್ನ ಕಣ್ಣನ್ನು ನಂಬಲಾಗದು ಎಂದರು. ಈ ಮಾತು ಸರಿಯೇ.

ವಿಡಿಯೊ ನೋಡಿ ಹೊತ್ತು ಎಣಿಸಲು ಕೋತಿಗಳ ಗಂಧವೇ ಇಲ್ಲದವರು ಬೇಕಾಯಿತು. ನಮ್ಮ ಸಂಸ್ಥೆಯ ಗ್ರಂಥಪಾಲಕಿಯನ್ನು ಕೇಳಿದೆ. ನಿವೃತ್ತಿ ಹತ್ತಿರವಿರುವ, ಬಾಯಿಗೆ ಬೀಗವಿಲ್ಲದ ಹೆಂಗಸು. ಪಂಜರದ ಅಂಕಿಗಳನ್ನು ಮರೆಮಾಡಿ, ಗಡಿಯಾರ ಕೊಟ್ಟು ಕೂರಿಸಿದೆ. ನಾನು ಹಿಂದೆ ಕುಳಿತೆ, ಯಂತ್ರ ನಿಂತರೆ ಸರಿಮಾಡಲು ಮಾತ್ರ.

ಮೂರನೇ ದಿನ ಪರದೆಯ ಮೇಲೆ ಹರಿದ ಕಿವಿಯ ಕೋತಿ ಬಂತು. ಗೋಡೆಗೆ ಮುಖ, ತೊಡೆಯ ಮೇಲೆ ಎರಡೂ ಕೈ. ಪಂಜರದ ಮುಂದೆ, ನಮಗೆ ಬೆನ್ನು ಹಾಕಿ, ಹಾಳೆ ಹಿಡಿದು ನಿಂತ ಒಬ್ಬ ಹೆಂಗಸು. ಬಹಳ ಹೊತ್ತು ಇಬ್ಬರೂ ಅಲುಗಲಿಲ್ಲ.

"ಅಯ್ಯೋ, ಕೋತಿಗೇನೋ ಆಗಿದೆ ಅಂತ ಕುರುಡರಿಗೂ ಗೊತ್ತಾಗತ್ತಲ್ಲೇ," ಎಂದರು ಗ್ರಂಥಪಾಲಕಿ. "ಎದುರಿಗೇ ನಿಂತಿದಾಳೆ, ಕಲ್ಲು ನಿಂತ ಹಾಗೆ. ಯಾರೇ ಇವಳು?"

"ನಾನು."

ಅವರು ತಿರುಗಿ ನೋಡಿದರು.

"ತಿರುಗಬೇಡಿ ಅಕ್ಕ," ಎಂದೆ. "ಕೋತಿ ನೋಡಿ. ಎಷ್ಟು ನಿಮಿಷ ಆಯ್ತು, ಬರೀರಿ."