ಮೂಲದಲ್ಲಿ ಇದ್ದಂತೆ

ಅಚ್ಚುಮನೆಯಲ್ಲಿ ಅಣ್ಣ-ತಂಗಿಯರದು ಒಂದೇ ಮೇಜು. ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು ತಂಗಿಯ ಕೆಲಸ, ಕರಡಿನಲ್ಲಿ ತಪ್ಪು ಹಿಡಿಯುವುದು ಅಣ್ಣನದು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟೇ ಹೇಳಬೇಕು. ಹತ್ತೊಂಬತ್ತು ವರ್ಷ ಹೀಗೇ ಓದಿ ಅವಳು ಗಂಡನನ್ನೂ 'ಊಟಕ್ಕೆ ಬನ್ನಿ ಪೂರ್ಣವಿರಾಮ' ಅಂತಲೇ ಕರೆಯುತ್ತಾಳೆಂದು ಅಣ್ಣ ಅವಳ ದನಿಯಲ್ಲೇ ಅಣಕಿಸುತ್ತಿದ್ದ.

ನಾಲ್ಕು ವರ್ಷದ ಹಿಂದೆ ಅವನ ಮಿದುಳಿನ ಹೊದಿಕೆಯಲ್ಲಿ ಗಡ್ಡೆ ಸಿಕ್ಕಿತು. "ತಲೇಲಿ ಏನೂ ಇಲ್ಲ ಅಂತಿದ್ರಲ್ಲ ಲೆಕ್ಕದ ಮೇಷ್ಟ್ರು, ಅವರಿಗೆ ಈ ಸ್ಕ್ಯಾನಿನದೊಂದು ಪ್ರತಿ ಕಳಿಸು" ಅಂದ. ತೆಗೆದರು. ಇಂಥ ಗಡ್ಡೆ ಸಾಮಾನ್ಯವಾಗಿ ಸಾಧು, ಇದೊಂದು ಮಾತ್ರ ಪುಂಡು, ಮತ್ತೆ ಬಂದೀತು ಅಂದರು ಡಾಕ್ಟರು. ಎರಡೇ ವರ್ಷಕ್ಕೆ ಬಂತು. ಮತ್ತೆ ತೆಗೆದು ವಿಕಿರಣವನ್ನೂ ಕೊಟ್ಟರು.

"ಗಡ್ಡ ಬೋಳಿಸಿದ್ರೂ ಬರುತ್ತೆ, ಗಡ್ಡೆ ಬೋಳಿಸಿದ್ರೂ ಬರುತ್ತೆ. ಒಂದು ಎತ್ವದ ವ್ಯತ್ಯಾಸ ಅಷ್ಟೇ" ಅಂದಿದ್ದ ಆಗ. ಆ ಸಲ ಬಲಗಣ್ಣು ಹೋಯಿತು. ಎಡಗಣ್ಣು ಕಾಗದಕ್ಕೆ ಮೂಗು ತಾಗಿಸಿದರೆ ಒಂದೊಂದೇ ಅಕ್ಷರ ಹಿಡಿಯುತ್ತಿತ್ತು. ಆದರೂ ದಿನಾ ಬರುತ್ತಿದ್ದ, ತಂಗಿ ಓದಿದ್ದನ್ನು ಕೇಳಿಯೇ ವಾಕ್ಯ ತಿದ್ದುತ್ತಿದ್ದ. ಅವಳಿಂದ ಒಂದೇ ಮಾತು ತೆಗೆದುಕೊಂಡಿದ್ದ: ಮೂರನೇ ಸಲ ಬಂದರೆ ಮುಚ್ಚಿಡಬಾರದು, ತೀರ್ಮಾನ ತನ್ನದು.

ಇವತ್ತು ಸ್ಕ್ಯಾನಿನ ಫಲಿತಾಂಶ ತಿಳಿಸಿ ಡಾಕ್ಟರು ಕನ್ನಡದಲ್ಲೇ ಬರೆದ ಪತ್ರ ಬಂತು.

"ಓದು" ಅಂದ.

ಅವಳು ಮೊದಲು ಕಣ್ಣಲ್ಲೇ ಓದಿಕೊಂಡಳು. "ಗಡ್ಡೆ ಮರುಕಳಿಸಿರುವ ಲಕ್ಷಣ ಕಾಣುತ್ತಿಲ್ಲ, ಪೂರ್ಣವಿರಾಮ."

"ಒಳ್ಳೇದು. ಇನ್ನೊಂದ್ಸಲ ಓದು."

"ಗಡ್ಡೆ ಮರುಕಳಿಸಿದ ಲಕ್ಷಣಗಳಿಲ್ಲ, ಪೂರ್ಣವಿರಾಮ."

ಅಣ್ಣ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ.

"ಆಗ 'ಮರುಕಳಿಸಿರುವ' ಅಂದೆ, ಈಗ 'ಮರುಕಳಿಸಿದ'. ಆಗ ಲಕ್ಷಣ ಒಂದು, ಈಗ ಹಲವು. ಹತ್ತೊಂಬತ್ತು ವರ್ಷದಲ್ಲಿ ನೀನು ಒಂದಕ್ಷರ ಆಚೀಚೆ ಮಾಡಿದ್ದಿಲ್ಲ ಕಣೇ. ತಿದ್ದೋದು ನನ್ನ ಕೆಲಸ. ನೀನು ಇದ್ದದ್ದನ್ನ ಓದು."

ಅವಳು ಓದಿದಳು. "ಗಡ್ಡೆ ಮರುಕಳಿಸಿದೆ, ಪೂರ್ಣವಿರಾಮ."

"ಮರುಕ ಕಳಿಸಿದೆಯಾ? ಅದಾದ್ರೂ ಕಳಿಸ್ತಲ್ಲ, ಪಾಪ" ಅಂದ. ಅವಳು ನಗಲಿಲ್ಲ. ಅವನೂ ನಗಲಿಲ್ಲ. "ಮುಂದೆ?"

"ಇನ್ನೊಂದು ಶಸ್ತ್ರಕ್ರಿಯೆ ಸಾಧ್ಯ, ಅಲ್ಪವಿರಾಮ, ಆದರೆ ಮಾತು ಹೋಗುವ ಸಂಭವ ಹೆಚ್ಚು, ಪೂರ್ಣವಿರಾಮ."

ಊರಿನವರ ದನಿಗಳನ್ನೆಲ್ಲ ಅಣಕಿಸಲೆಂದೇ ಗಂಟಲಲ್ಲಿ ಇಟ್ಟುಕೊಂಡಿದ್ದವನು ತುಟಿ ಒರೆಸಿಕೊಂಡ.

"ಮಾಡಿಸದೇ ಹೋದ್ರೆ ಎಷ್ಟು ದಿನ ಅಂತ ಬರೆದಿದಾರಾ?"

"ಇಲ್ಲ."

"ಈ 'ಇಲ್ಲ' ಅವರದೋ, ನಿನ್ನದೋ?"

ಪತ್ರದಲ್ಲಿ ನಿಜಕ್ಕೂ ಅದಿರಲಿಲ್ಲ. "ಅವರದೇ ಅಣ್ಣ, ನಿನ್ನಾಣೆ" ಅಂದಳು. ತನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಅವನು ಕೈ ಚಾಚಿದ. ಅವಳು ಪತ್ರ ಕೊಟ್ಟಳು. ಅದನ್ನು ಎಡಗಣ್ಣಿಗೆ ಒತ್ತಿಕೊಂಡಂತೆ ಹಿಡಿದು, ಮೊದಲ ಸಾಲಿನಿಂದ ಒಂದೊಂದೇ ಅಕ್ಷರ ಹುಡುಕುತ್ತ ಹೋದ. ಎದುರಿನ ಕುರ್ಚಿಯಲ್ಲಿ ಅವಳು, ಓದಿ ಹೇಳುವ ಕೆಲಸವಿಲ್ಲದೆ, ಅವನು ಕೊನೆಯ ಸಾಲು ಮುಟ್ಟುವುದನ್ನೇ ಕಾಯುತ್ತ ಕೂತಳು.