ಮೀನಿಗೆ ಹಸಿವೋ, ಉಸಿರೋ?

ಅಡುಗೆಯಮ್ಮನ ಕಣ್ಣಿಗೆ ತೆರೆದ ಬಾಯಿ ಎಂದರೆ ಹಸಿದ ಬಾಯಿ. ಹಾಸ್ಟೆಲಿನಲ್ಲಿ ವರ್ಷಾನುಗಟ್ಟಲೆ ಸೌಟು ಹಿಡಿದವಳು. ಕೆಲಸ ಬಿಟ್ಟಿದ್ದಳು, ಬಡಿಸುವ ಚಾಳಿ ಬಿಟ್ಟಿರಲಿಲ್ಲ. ಬೀದಿ ನಾಯಿ ಆಕಳಿಸಿದರೂ ಒಂದು ತುತ್ತು ಹಾಕಿ ಬರುತ್ತಾಳೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಮನೆಯ ಹಿಂದೆ, ಅಡುಗೆಮನೆ ಬಾಗಿಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಮೀನಿನ ಹೊಂಡ. ತೋಡಿಸಿದವನು ಮಗ. ನೋಡಿಕೊಳ್ಳುವವಳು ಸೊಸೆ. ಬೆಳಿಗ್ಗೆ ಮೀನಿಗೆ ತಿಂಡಿ ಹಾಕುವ ಕೆಲಸವನ್ನು ಮಾತ್ರ ಅಡುಗೆಯಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವತ್ತೂ ಬೆಳಕು ಹರಿಯುವ ಹೊತ್ತಿಗೆ ತೌಡು, ಹಿಂಡಿ ಕಲಸಿದ ಬಕೆಟ್ ಹಿಡಿದು ದಂಡೆಗೆ ಬಂದಳು. ನೀರು ದಪ್ಪಗೆ ಹಸಿರಾಗಿತ್ತು. ಅದರ ಮೇಲೆಲ್ಲ ಬಾಯಿಗಳು. ತೆರೆಯುತ್ತವೆ, ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ.

"ಅಯ್ಯೋ ನನ್ನ ಕಂದಗಳೇ, ರಾತ್ರಿಯೆಲ್ಲ ಉಪವಾಸವಾ?" ಎಂದು ಕೈತುಂಬ ತೆಗೆದು ಎರಚಿದಳು.

"ಅತ್ತೆ, ಸಾಕು ಬಿಡಿ," ಸೊಸೆ ಹಿಂದಿನಿಂದ ಬಂದಳು. "ನಿನ್ನೆ ಹಾಕಿದ್ದೇ ತಳದಲ್ಲಿ ಕೂತಿದೆ. ಕಾಲಿಟ್ಟರೆ ಜಾರುತ್ತೆ."

"ತಳದಲ್ಲಿ ಊಟ ಇಟ್ಟುಕೊಂಡು ಇವು ಮೇಲೆ ಬಂದು ಯಾಕೆ ಬಾಯಿ ಬಿಡ್ತವೆ? ನೀನೇ ಹೇಳು."

ಏನೋ ಸರಿಯಿಲ್ಲ ಎಂದು ಸೊಸೆಗೆ ಅನ್ನಿಸುತ್ತಿತ್ತು. ಏನು ಎಂದು ಗೊತ್ತಿರಲಿಲ್ಲ.

ಹೋದ ಸಲವೂ ಹೀಗೇ ಆಗಿತ್ತು. ಬಲೆ ಹಾಕುವ ಕಾಲ ಹತ್ತಿರ ಬಂದಿತ್ತು. ಒಂದು ಮೋಡದ ಬೆಳಿಗ್ಗೆ ಎದ್ದು ನೋಡಿದರೆ ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಮಗ ಗುಂಡಿ ತೆಗೆದು ಎಲ್ಲವನ್ನೂ ಹೂತಿದ್ದ. ಕಣ್ಣು ಬಿತ್ತು ಎಂದರು ಕೆಲವರು. ಯಾರೋ ಏನೋ ಬೆರೆಸಿದ್ದಾರೆ ಎಂದರು ಕೆಲವರು. ಅಡುಗೆಯಮ್ಮ ಮಾತ್ರ, "ಹೊಟ್ಟೆಗೆ ಸಾಲಲಿಲ್ಲ, ಅದಕ್ಕೇ ಸತ್ತವು," ಎಂದಳು. ಈ ಸಲ ಬಕೆಟ್ ದೊಡ್ಡದಾಯಿತು.

ಮಗ ಟೆಂಪೊ ಓಡಿಸುತ್ತಿದ್ದ. ಮಾತು ಕಡಿಮೆ. ಆದರೆ ಒಂದು ಮಾತು ಹೇಳಿಯಾಗಿತ್ತು. "ಈ ಸಲವೂ ಹೋದರೆ ಹೊಂಡಕ್ಕೆ ಮಣ್ಣು ತುಂಬಿಸ್ತೀನಿ."

ಹೊಂಡ ಮುಚ್ಚಿದರೆ ಸೊಸೆ ಮತ್ತೆ ಇಟ್ಟಿಗೆ ಭಟ್ಟಿಗೆ ಹೋಗಬೇಕು. ಮೊದಲು ಅಲ್ಲೇ ದುಡಿಯುತ್ತಿದ್ದಳು. ಅಲ್ಲಿಯ ಹೊಗೆ, ದೂಳು ಎದೆಗೆ ಇಳಿದು, ಮಲಗಲಾಗದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಆ ಹೊಗೆಯ ಹತ್ತಿರ ಇನ್ನು ಕಳಿಸಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಹೊಂಡ ತೋಡಿಸಿದ್ದೇ ಅದಕ್ಕೆ. ಹೊಂಡ ಇದ್ದರೆ ಅವಳು ಮನೆಯಲ್ಲಿ. ಇಲ್ಲದಿದ್ದರೆ ಭಟ್ಟಿಯಲ್ಲಿ. ಅಷ್ಟೇ.

ಹಲ್ಲುಜ್ಜುತ್ತ ಮಗ ದಂಡೆಗೆ ಬಂದ.

"ಏನು ಜಗಳ?"

"ನಿನ್ನ ಹೆಂಡತಿ ಮೀನಿಗೆ ಪಥ್ಯ ಮಾಡಿಸ್ತಿದ್ದಾಳೆ ಕಣೋ. ನನಗೆ ಫೋನಿನಲ್ಲಿ ತೋರಿಸಿದ್ದ ಆ ಮೀನಿನ ಪಿಚ್ಚರ್ ಅವಳಿಗೂ ತೋರಿಸು."

ಮಗ ಫೋನು ತೆಗೆದ. ಹಳದಿ ಬೂಟು ಹಾಕಿದ ಒಬ್ಬ ಮನುಷ್ಯ, ಒಂದು ಹೊಂಡ, ಬಾಯಿ ತೆರೆದ ಮೀನುಗಳು. ಅವನು ಕೈತುಂಬ ತಿಂಡಿ ತೆಗೆದು ಎರಚುತ್ತಿದ್ದ. ಯಾವುದೋ ಭಾಷೆಯಲ್ಲಿ ಯಾರೋ ಗಡಗಡ ಮಾತಾಡುತ್ತಿದ್ದರು.

"ನೋಡಿದೆಯಾ?" ಅಡುಗೆಯಮ್ಮ ಸೊಸೆಯ ಕಡೆ ತಿರುಗಿದಳು. "ಬೂಟು ಹಾಕಿದವನೂ ಹಾಕ್ತಾನೆ, ಬರಿಗಾಲಲ್ಲಿ ನಾನೂ ಹಾಕ್ತೀನಿ."

"ಅವನು ಏನು ಹೇಳ್ತಿದ್ದಾನೆ?" ಸೊಸೆ ಕೇಳಿದಳು.

"ಹೇಳೋದೇನು, ಕೈ ಕಾಣಿಸಲ್ವಾ?"

ಅಷ್ಟರಲ್ಲಿ ಬೇಲಿಯಾಚೆಯಿಂದ ನಗು ಕೇಳಿಸಿತು. ಪಕ್ಕದ ಮನೆಯ ದರ್ಜಿ ಅಕ್ಕ. ಬೀದಿಯ ಕಡೆಗಿದ್ದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಕುತ್ತಿಗೆಯಲ್ಲಿ ಅಳತೆ ಟೇಪು ಆಗಲೇ ನೇತಾಡುತ್ತಿತ್ತು.

"ದೊಡ್ಡಮ್ಮ, ನಾನೂ ಹಾಗೇ ಗೊತ್ತಿಲ್ಲದ ಭಾಷೆಯ ವಿಡಿಯೊ ನೋಡಿ ಕಾಲರ್ ಕತ್ತರಿಸಿದ್ದೆ. ಕೈ ಮಾಡಿದ್ದೆಲ್ಲ ನಾನೂ ಮಾಡಿದೆ. ಹೊಲಿದು ಕೊಟ್ಟರೆ ಗಿರಾಕಿಯ ತಲೆಯೇ ಒಳಗೆ ತೂರಲಿಲ್ಲ! ಆಮೇಲೆ ನಮ್ಮ ಮಾತಿನ ವಿಡಿಯೊ ಸಿಕ್ಕಿತು. ಹೊಲಿಗೆಗೆ ಅಂತ ಎಷ್ಟು ಬಟ್ಟೆ ಬಿಡಬೇಕು ಅನ್ನೋದನ್ನ ಅವರು ಬಾಯಲ್ಲಿ ಹೇಳ್ತಾರೆ, ಕೈಯಲ್ಲಿ ತೋರಿಸಲ್ಲ."

"ಈಗ ಮೀನಿಗೂ ಅಂಗಿ ಹೊಲೀತೀಯೇನು?"

"ಮೀನು ಅಳತೆಗೆ ನಿಲ್ಲಲ್ವಲ್ಲ, ಇಲ್ಲದಿದ್ದರೆ ಹೊಲೀತಿದ್ದೆ. ಮಧ್ಯಾಹ್ನ ಅಂಗಡಿಗೆ ಬನ್ನಿ. ಮೀನು ಸಾಕೋದರ ಬಗ್ಗೆ ನಮ್ಮ ಮಾತಿನಲ್ಲೇ ಒಂದು ವಿಡಿಯೊ ಮೀನುಗಾರಿಕೆ ಕಚೇರಿಯವರು ನಮ್ಮ ಮಹಿಳಾ ಸಂಘಕ್ಕೆ ಕೊಟ್ಟಿದ್ದಾರೆ. ಫೋನಿನಲ್ಲೇ ಇಟ್ಟುಕೊಂಡಿದ್ದೀನಿ, ನೆಟ್ ಇಲ್ಲದಿದ್ದರೂ ಓಡುತ್ತೆ."

"ಫೋನು ನೋಡಿ ಈಜು ಕಲಿತವರುಂಟಾ?"

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಊಟದ್ದು ನೀವು ಬಲ್ಲಿರಿ ದೊಡ್ಡಮ್ಮ. ಮಾತಿನದ್ದು ಸ್ವಲ್ಪ ಕೇಳಿ ನೋಡಿ."

ಮಧ್ಯಾಹ್ನ ಮೂವರೂ ಹೋದರು. ಕಿವಿಗೊಟ್ಟರೆ ಕಿವಿಯೇನೂ ಸವೆಯುವುದಿಲ್ಲ ಎಂದುಕೊಂಡೇ ಅಡುಗೆಯಮ್ಮ ಹೊರಟಿದ್ದಳು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನೆಲದ ತುಂಬ ಬಟ್ಟೆ ಚೂರು. ದರ್ಜಿ ಅಕ್ಕ ಹೊಲಿಗೆ ಯಂತ್ರದ ಮೇಲಿದ್ದ ದಾರದ ಡಬ್ಬಿಗೆ ಫೋನನ್ನು ಒರಗಿಸಿ ಇಟ್ಟಳು.

ತೆರೆ ಬೆಳಗಿತು. ಹಳದಿ ಬೂಟು ಹಾಕಿದ ಮನುಷ್ಯ.

"ಅರೆ! ಇವನೇ ಅವನು!" ಮಗ ಮುಂದಕ್ಕೆ ಬಗ್ಗಿದ. "ಅದೇ ವಿಡಿಯೊ ಇದು!"

ಚಿತ್ರ ಅದೇ. ಮಾತು ಬೇರೆ. ಯಾರೋ ಹೆಂಗಸಿನ ಧ್ವನಿ. ಓದಿ ಒಪ್ಪಿಸುವ ಧ್ವನಿಯಲ್ಲ. ಪಕ್ಕದ ಮನೆಯವಳು ಜಗಲಿಯಲ್ಲಿ ಕೂತು ಹೇಳಿದ ಹಾಗಿತ್ತು.

ಮೀನುಗಳು ಬಾಯಿ ತೆರೆದವು. ಬೂಟಿನವನು ಕೈತುಂಬ ತಿಂಡಿ ತೆಗೆದ. ಧ್ವನಿ ಹೇಳಿತು:

"ಇದು ಬಹಳ ಜನ ಮಾಡುವ ತಪ್ಪು. ಹೀಗೆ ಮಾತ್ರ ಮಾಡಬೇಡಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ. ನೀರಿನಲ್ಲಿ ಅದಕ್ಕೆ ಉಸಿರಾಡಲು ಗಾಳಿ ಸಾಲುತ್ತಿಲ್ಲ. ಈಗ ತಿಂಡಿ ಹಾಕಿದರೆ ಅದು ತಿನ್ನುವುದಿಲ್ಲ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಇದ್ದಬದ್ದ ಗಾಳಿಯನ್ನೂ ನುಂಗುತ್ತದೆ."

ಮಗ ತಲೆಯ ಮೇಲೆ ಕೈ ಇಟ್ಟುಕೊಂಡ. "ಮಾಡಬೇಡಿ ಅಂತ ತೋರಿಸಿದ್ದನ್ನೇ ನಾವು ಮಾಡಿದ್ದೀವಲ್ಲೇ!"

"ದಿನಾ ತಪ್ಪದೆ," ಎಂದಳು ಸೊಸೆ.

ಅಡುಗೆಯಮ್ಮ ಸುಲಭಕ್ಕೆ ಬಗ್ಗುವವಳಲ್ಲ. "ಹಸಿವಿಲ್ಲ ಅಂತ ಮೀನೇ ಬಂದು ಅವಳ ಕಿವಿಯಲ್ಲಿ ಹೇಳಿತೇನು?"

"ಅದನ್ನೂ ಹೇಳ್ತಾಳೆ, ತಡೀರಿ," ದರ್ಜಿ ಅಕ್ಕ ನಕ್ಕಳು.

ಧ್ವನಿ ಮುಂದುವರಿಯಿತು. ದಂಡೆಯಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ಚೆನ್ನಾಗಿರುವ ಮೀನು ಬೆಚ್ಚಿ ಕೆಳಗೆ ಹೋಗುತ್ತದೆ, ಅಲ್ಲೇ ಇರುತ್ತದೆ. ಉಸಿರು ಕಟ್ಟಿದ ಮೀನಿಗೆ ಹೆದರುವ ತ್ರಾಣವೂ ಇರುವುದಿಲ್ಲ. ಹೋದರೂ ತಕ್ಷಣ ಮೇಲೆ ಬರುತ್ತದೆ. ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಸಿ. ಅಂಗೈ ಕಾಣದಷ್ಟು ಹಸಿರಾಗಿದ್ದರೆ ತಿಂಡಿಯನ್ನೂ ಗೊಬ್ಬರವನ್ನೂ ನಿಲ್ಲಿಸಿ. ಮೋಡದ ದಿನ ಇನ್ನೂ ಎಚ್ಚರ, ಬಿಸಿಲಿಲ್ಲದಿದ್ದರೆ ನೀರಿನಲ್ಲಿ ಗಾಳಿ ಹುಟ್ಟುವುದು ಕಡಿಮೆ. ಮೀನು ಬಾಯಿ ಬಿಟ್ಟರೆ ಹೊಸ ನೀರು ಬಿಡಿ, ಎತ್ತರದಿಂದ ಬೀಳುವ ಹಾಗೆ ಬಿಡಿ. ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ.

ಬಟ್ಟೆಯ ದೂಳಿಗೆ ಸೊಸೆಗೆ ಕೆಮ್ಮು ಬಂತು. ಬಿಡದೆ ಬಂತು. ಯಂತ್ರದ ಅಂಚು ಹಿಡಿದು, ಬಾಯಿ ತೆರೆದು, ಉಸಿರು ಎಳೆದುಕೊಂಡಳು.

ಅಡುಗೆಯಮ್ಮ ಎದ್ದು ಕಿಟಕಿ ತೆರೆದಳು.

ತೆರೆದವಳು ಅಲ್ಲೇ ನಿಂತಳು. ಕಿಟಕಿಯ ಚಿಲಕದ ಮೇಲೆ ಕೈ ಹಾಗೇ ಇತ್ತು.

"ಏನಾಯ್ತು ದೊಡ್ಡಮ್ಮ?"

"ಇವಳು ಭಟ್ಟಿಯಿಂದ ಬಂದು ಹೀಗೇ ಬಾಯಿ ಬಿಟ್ಟುಕೊಂಡು ಕೂರ್ತಿದ್ದಳು," ಅಡುಗೆಯಮ್ಮ ನಿಧಾನವಾಗಿ ಹೇಳಿದಳು. "ಆಗ ನಾನು ತಟ್ಟೆ ತಂದಿರಲಿಲ್ಲ. ಕಿಟಕಿ ತೆರೀತಿದ್ದೆ."

ಫೋನಿನ ಮುಂದೆ ಮತ್ತೆ ಬಂದು ಕೂತಳು.

"ಇನ್ನೊಂದು ಸಲ ಹಾಕು," ಎಂದಳು. "ಮೊದಲಿಂದ."

ಮಾರನೇ ದಿನ ಮೋಡ ಕವಿದಿತ್ತು. ಬೆಳಕು ಬರುವ ಮುಂಚೆಯೇ ಮೂವರೂ ದಂಡೆಯಲ್ಲಿದ್ದರು. ನೀರಿನ ಮೇಲೆ ಜಾಗವೇ ಇಲ್ಲದಂತೆ ಬಾಯಿಗಳು. ಎರಡು ಮೀನು ಆಗಲೇ ಪಕ್ಕಕ್ಕೆ ವಾಲಿದ್ದವು.

ಮಗ ಚಪ್ಪಾಳೆ ತಟ್ಟಿದ. ಒಂದೂ ಕದಲಲಿಲ್ಲ.

ಸೊಸೆ ತೋಳು ಇಳಿಸಿದಳು. ಮೊಣಕೈ ಮುಳುಗುವ ಮೊದಲೇ ಅಂಗೈ ಮರೆಯಾಯಿತು.

ಆ ಬಾಯಿಗಳನ್ನು ನೋಡಿಕೊಂಡು ಬರಿಗೈಯಲ್ಲಿ ನಿಲ್ಲುವುದು ಅಡುಗೆಯಮ್ಮನಿಗೆ ಹೊಸದು. ತೌಡಿನ ಬಕೆಟ್ ಅಡುಗೆಮನೆ ಬಾಗಿಲಲ್ಲಿ ಕಾಣುತ್ತಿತ್ತು. ಅದಕ್ಕೆ ಬೆನ್ನು ತಿರುಗಿಸಿ ನಿಂತಳು.

ಮಗ ಬಾವಿಯ ಪಂಪು ಹಾಕಿದ. ಪೈಪಿನ ಬಾಯನ್ನು ಒಂದು ಕವಲು ಕೋಲಿನ ಮೇಲೆ ಎತ್ತರಕ್ಕೆ ಕಟ್ಟಿದ. ನೀರು ಮೇಲಿನಿಂದ ಸುರಿದು ಹೊಂಡಕ್ಕೆ ಧೋ ಎಂದು ಬಿತ್ತು. ಅದು ಬಿದ್ದದ್ದು ಒಂದು ಮೂಲೆಗೆ. ಆಚೆ ಮೂಲೆಯ ಮೀನುಗಳು ಹಾಗೇ ಇದ್ದವು.

"ಆಚೆ ಕಡೆಗೆ ಪೈಪು ಸಾಲಲ್ಲ," ಎಂದ ಮಗ.

"ನೀನು ಆ ಕಡೆ ಸರಿ!" ಅಡುಗೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿ ನೀರು ತುಂಬಿದ ದೊಡ್ಡ ಪಾತ್ರೆ ಎತ್ತಿದಳು. ಹಾಸ್ಟೆಲಿನಲ್ಲಿ ಕುದಿವ ಹಾಲನ್ನು ಆರಿಸಲು ಕೈ ಮೇಲೆತ್ತಿ, ಧಾರೆ ಕಟ್ಟಿ, ನೊರೆ ಬರುವಂತೆ ಹೊಯ್ಯುತ್ತಿದ್ದಳು. ಹಾಗೇ ಹೊಯ್ದಳು. ನೀರು ನೊರೆಯೆದ್ದಿತು. ಸೊಸೆ ತುಂಬಿ ಕೊಟ್ಟಳು, ಅವಳು ಹೊಯ್ದಳು. ಮತ್ತೆ ತುಂಬಿ ಕೊಟ್ಟಳು, ಮತ್ತೆ ಹೊಯ್ದಳು.

ಬೇಲಿಯಾಚೆ ದರ್ಜಿ ಅಕ್ಕ ಕಾಣಿಸಿಕೊಂಡಳು. "ದೊಡ್ಡಮ್ಮ, ಮೀನಿಗೆ ಹಾಲು ಆರಿಸ್ತಿದ್ದೀರಾ?"

"ನಿಂತು ಹಲ್ಲು ತೋರಿಸಬೇಡ. ಇನ್ನೊಂದು ಪಾತ್ರೆ ತಾ!"

ತಂದಳು. ತಾನೂ ಹೊಯ್ದಳು.

ತೋಳು ಸೋತು ಹೋಗುವ ಹೊತ್ತಿಗೆ ಮೋಡ ಸ್ವಲ್ಪ ಹರಿಯಿತು. ಬಿಸಿಲು ನೀರಿನ ಮೇಲೆ ಬಿತ್ತು. ಪೈಪಿನ ಕೆಳಗಿನ ಬಾಯಿಗಳು ಮೊದಲು ಮಾಯವಾದವು. ಆಮೇಲೆ ನಡುವಿನವು. ಆಮೇಲೆ ಆಚೆ ಮೂಲೆಯವು, ಒಂದೊಂದೇ.

ಮಗ ಚಪ್ಪಾಳೆ ತಟ್ಟಿದ. ನೀರೊಳಗೆ ಸರ್ರನೆ ಏನೋ ಓಡಿತು. ಮೇಲೆ ಬರಲಿಲ್ಲ.

ಪಕ್ಕಕ್ಕೆ ವಾಲಿದ್ದ ಆ ಎರಡು ಮಾತ್ರ ಉಳಿಯಲಿಲ್ಲ. ಬೇರೆಲ್ಲೂ ನೀರಿನ ಮೇಲೆ ಒಂದು ಬಾಯಿಯೂ ಕಾಣಲಿಲ್ಲ.

ಅಡುಗೆಯಮ್ಮ ಒದ್ದೆ ಸೆರಗಿನಲ್ಲೇ ದಂಡೆಯ ಮೇಲೆ ಕುಸಿದು ಕೂತಳು. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಹೊರಬಂದಂತಾಯಿತು. ಸೊಸೆ ಪಕ್ಕದಲ್ಲಿ ಕೂತಳು. ಅತ್ತೆಯ ಕೈ ಹಿಡಿದುಕೊಂಡಳು.

"ಹಾಗಾದರೆ ಹೋದ ಸಲದ್ದನ್ನು ಕೊಂದವಳು ನಾನೇನಾ?"

"ಯಾರಿಗೆ ಗೊತ್ತಿತ್ತು ಅತ್ತೆ? ನನಗೂ ಗೊತ್ತಿರಲಿಲ್ಲ."

ಅಡುಗೆಯಮ್ಮ ಬಾಗಿಲಲ್ಲಿದ್ದ ತೌಡಿನ ಬಕೆಟ್ ಕಡೆ ತಿರುಗಿದಳು. "ಈಗಲಾದರೂ ಒಂದು ಹಿಡಿ ಹಾಕಲಾ?"

"ಇವತ್ತು ಬೇಡ. ನೀರು ತಿಳಿಯಾಗಲಿ. ಆಮೇಲೆ ಬಿಸಿಲೇರಿದ ಮೇಲೆ ಹಾಕೋಣ. ವಿಡಿಯೊದವಳು ಹೇಳಿದ ಹಾಗೆ ತಟ್ಟೆಯಲ್ಲಿ ಇಟ್ಟು ನೀರಿಗೆ ಇಳಿಸಿ, ತಿಂದಷ್ಟೇ."

"ತಟ್ಟೆಯಲ್ಲಾ? ಅದು ಒಳ್ಳೇದು," ಎಂದಳು ಅಡುಗೆಯಮ್ಮ. "ಹಾಸ್ಟೆಲಿನಲ್ಲಿ ಮಕ್ಕಳು ಎಲೆಯಲ್ಲಿ ಎಷ್ಟು ಬಿಟ್ಟರು ಅಂತ ನೋಡಿಯೇ ನಾನು ಮರುದಿನದ ಅಕ್ಕಿ ಅಳೀತಿದ್ದೆ."

ಆ ಸಲ ಬಲೆ ತುಂಬಿ ಬಂತು. ಮಗ ಹೊಂಡಕ್ಕೆ ಮಣ್ಣು ತರಲಿಲ್ಲ. ಟೆಂಪೊದಲ್ಲಿ ಮೀನು ತುಂಬಿಕೊಂಡು ಸಂತೆಗೆ ಹೋದ. ಸೊಸೆ ಭಟ್ಟಿಯ ದಾರಿ ಹಿಡಿಯಲಿಲ್ಲ. ಈಗ ಮಲಗಿ ನಿದ್ದೆ ಮಾಡುತ್ತಾಳೆ. ಅಡುಗೆಯಮ್ಮ ದರ್ಜಿಯ ಅಂಗಡಿಗೆ ತಾನೇ ಹೋಗಿ, "ಕೋಳಿ ಸಾಕೋದರದ್ದು ಇದೆಯೇನೇ?" ಎಂದು ಕೇಳಿದ್ದಾಳೆ. ಹಾಗೆ ಕೇಳಿದ್ದನ್ನು ಮಗನಿಗೆ ಹೇಳಬೇಡ ಎಂದೂ ಹೇಳಿದ್ದಾಳೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಹೊಂಡ ಇಲ್ಲದಿರಬಹುದು. ಮೇಕೆ ಇರಬಹುದು, ತರಕಾರಿ ಮಡಿ ಇರಬಹುದು, ಒಂದು ಹೊಲಿಗೆ ಯಂತ್ರ, ಒಂದು ಚಿಕ್ಕ ಬೇಕರಿ ಇರಬಹುದು. ಆ ಕೆಲಸ ಕಲಿಸುವ ವಿಡಿಯೊ ನಿಮ್ಮ ಮಾತಿನಲ್ಲಿ ಇದೆಯೇ ಎಂದು ನಿಮ್ಮ ಸಂಘದಲ್ಲಿ, ಹತ್ತಿರದ ಕೃಷಿ ಕಚೇರಿಯಲ್ಲಿ ಕೇಳಿ. ಇಲ್ಲ ಎಂದರೆ ಬೇಕು ಎಂದು ಹೇಳಿ. ಕೇಳುವವರಿದ್ದರೆ ಮಾಡುವವರು ಬರುತ್ತಾರೆ. ಆ ವಿಡಿಯೊ ಮಾಡಿದವರು ನಂಬುವಂಥವರೇ ಎಂದು ನೋಡಿಕೊಳ್ಳಿ. ಒಬ್ಬರೇ ನೋಡಬೇಡಿ. ಮನೆಯಲ್ಲಿ ಆ ಕೆಲಸಕ್ಕೆ ಕೈ ಹಾಕುವವರೆಲ್ಲ ಕೂತು, ಕೊನೆಯವರೆಗೂ ನೋಡಿ. ಅನುಮಾನ ಬಂದರೆ ನಿಲ್ಲಿಸಿ, ಮತ್ತೆ ಹಾಕಿ. ಫೋನಿಗೆ ಬೇಸರವಿಲ್ಲ. ಆಗಲೂ ತಿಳಿಯದಿದ್ದರೆ ಬಲ್ಲವರನ್ನು ಕೇಳಿ.

ಮಾತು ಅರ್ಥವಾಗದ ಚಿತ್ರ ನೋಡಿ ಮಾತ್ರ ಕೆಲಸಕ್ಕೆ ಇಳಿಯಬೇಡಿ. ಬೂಟಿನವನ ಕೈ ಎಲ್ಲರಿಗೂ ಕಾಣುತ್ತದೆ. ಅವನು "ಬೇಡ" ಎನ್ನುತ್ತಿದ್ದಾನೋ, "ಮಾಡಿ" ಎನ್ನುತ್ತಿದ್ದಾನೋ, ಅದನ್ನು ನಿಮ್ಮ ಮಾತಿನಲ್ಲೇ ಕೇಳಬೇಕು.