ಅಕ್ಕನಿಗೆ ಆಗದೆ ಹೋದ ಪರೀಕ್ಷೆ

ಬೆಳಗಿನ ರೊಟ್ಟಿ ಬಡಿಯುವಾಗ ವಿರೂಪಮ್ಮನ ಕೈ ನಡುನಡುವೆ ನಿಂತುಬಿಡುತ್ತಿತ್ತು. ಸಿರುಗುಪ್ಪದ ಆ ಅಡುಗೆಮನೆಯಲ್ಲಿ, ಒಲೆಯಾಚೆ ಅಕ್ಕ ಜಡೆಮ್ಮ ಕುಳಿತಿದ್ದಾಳೆ ಎನಿಸುತ್ತಿತ್ತು.

ಕುರುಗೋಡಿನ ಜಡೆಮ್ಮ ಹೃದಯಾಘಾತದಿಂದ ಉಳಿದು ಬಂದವಳು. ಮನೆಗೆಲಸಕ್ಕೆ ಮರಳಿದ್ದನ್ನು ಕಂಡು ಎಲ್ಲರೂ ಗುಣವಾಯಿತೆಂದರು. ಮತ್ತೆ ತೋರಿಸಬೇಕೆಂದು ವೈದ್ಯರು ಹೇಳಿದ್ದು ಯಾರಿಗೂ ನೆನಪಾಗಲಿಲ್ಲ. ಒಂದು ಮಧ್ಯಾಹ್ನ ತಂಗಿಯೊಡನೆ ಸೊಪ್ಪು ಸೋಸುತ್ತ ನಗುತ್ತಿದ್ದವಳು ಮಾತು ಮುಗಿಸದೆಯೇ ಒರಗಿ ಪ್ರಾಣಬಿಟ್ಟಳು.

ಈ ಬೇಸಿಗೆಯಲ್ಲಿ ವಿರೂಪಮ್ಮನಿಗೂ ಹೃದಯಾಘಾತವಾಯಿತು. ಬಳ್ಳಾರಿಯಲ್ಲಿ ಕಟ್ಟಿಕೊಂಡ ರಕ್ತನಾಳ ತೆರೆದು ಸ್ಟೆಂಟ್ ಹಾಕಿದ ಡಾಕ್ಟರ್ ವಿಜಯಲಕ್ಷ್ಮಿ, ಮೂರು ತಿಂಗಳು ಔಷಧಿ ತೆಗೆದುಕೊಂಡು ಮತ್ತೆ ಸ್ಕ್ಯಾನ್‌ಗೆ ಬರಲು ಹೇಳಿದ್ದರು. ಹೃದಯದ ಬಲ ಆಗಲೂ ಕಡಿಮೆಯೇ ಇದ್ದರೆ ಎದೆಯಲ್ಲೊಂದು ಯಂತ್ರ ಕೂರಿಸಬೇಕಾದೀತು ಎಂದಿದ್ದರು.

"ಮನಿಕೆಲಸ ಎಲ್ಲಾ ಮಾಡಾಕತ್ತಿ, ಮತ್ಯಾಕ ಆಸ್ಪತ್ರಿ?" ಎಂದ ಗಂಡ ಭೀಮರಾಜ, ಮೂರು ತಿಂಗಳು ತುಂಬಿದ ಬೆಳಿಗ್ಗೆ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಡುತ್ತ.

"ನಮ್ಮಕ್ಕನೂ ಮಾಡ್ತಿದ್ಲು. ಆಕಿ ಹೆಣಕ್ಕ ಹೆಗಲು ಕೊಟ್ಟವರು ನೀವ."

ಚಪ್ಪಲಿ ಮೆಟ್ಟುತ್ತಿದ್ದ ಭೀಮರಾಜ ಅದನ್ನು ಅಲ್ಲೇ ಬಿಟ್ಟು ಒಳಗೆ ಬಂದ. ಆ ದಿನ ಗಿರಣಿಗೆ ಹೋಗಲಿಲ್ಲ. ಇಬ್ಬರೂ ಬಳ್ಳಾರಿ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಮೋಕಾ ಊರಿನ ಓಬಣ್ಣ ಸಿಕ್ಕ. ಅದೇ ಬೇಸಿಗೆಯಲ್ಲಿ ಹೃದಯಾಘಾತವಾಗಿ, ವಿರೂಪಮ್ಮನಿದ್ದ ವಾರ್ಡೇ ನಡುಗುವಂತೆ ಎದೆನೋವಿನಿಂದ ಒದ್ದಾಡಿದವನು. "ನಂಗ ಮಿಷನ್ ಬ್ಯಾಡಂತ, ಗುಳಿಗಿ ಸಾಕಂತ," ಎಂದು ಹಗುರಾಗಿ ನಡೆದುಹೋದ. ವಿರೂಪಮ್ಮನ ಸ್ಕ್ಯಾನ್ ಮಾತ್ರ ಬೇರೆಯೇ ಹೇಳಿತು.

"ಅಷ್ಟು ಒದ್ದಾಡಿದ ಅವಂಗ ಬ್ಯಾಡಂತೀರಿ. ಇಕಿಗ್ಯಾಕ್ರಿ ಮೇಡಂ?" ಎಂದ ಭೀಮರಾಜ.

"ಎಷ್ಟು ನೋವಾಯ್ತು ಅನ್ನೋದರ ಮೇಲೆ ತೀರ್ಮಾನ ಆಗಲ್ಲ," ಎಂದರು ಡಾಕ್ಟರ್. "ಅವರ ಹೃದಯ ಚೇತರಿಸಿಕೊಂಡಿದೆ. ಇವರದು ಔಷಧಿ ತಗೊಂಡರೂ ಬಹಳ ಸೋತಿದೆ. ಬಡಿತ ಇದ್ದಕ್ಕಿದ್ದಂತೆ ಹದ ತಪ್ಪಿದರೆ ಈ ಯಂತ್ರ ಒಳಗಿಂದಲೇ ಶಾಕ್ ಕೊಟ್ಟು ಸರಿಮಾಡುತ್ತೆ. ಹೃದಯಾನ ಗಟ್ಟಿ ಮಾಡಲ್ಲ, ಕಾವಲಿರುತ್ತೆ ಅಷ್ಟೇ."

ವಿರೂಪಮ್ಮ ಮೆಲ್ಲನೆ ಕೇಳಿದಳು: "ಇದು ಇದ್ದಿದ್ರ ನಮ್ಮಕ್ಕ ಉಳೀತಿದ್ಲೇನ್ರಿ?"

ಅಕ್ಕನ ಕಥೆ ಕೇಳಿಕೊಂಡ ಡಾಕ್ಟರ್ ಕೈಯಲ್ಲಿದ್ದ ವರದಿಯನ್ನು ಮೇಜಿನ ಮೇಲಿಟ್ಟರು. "ಹೇಳಕ್ಕಾಗಲ್ಲಮ್ಮ. ಅವರನ್ನ ಯಾರೂ ಮತ್ತೆ ಪರೀಕ್ಷೆ ಮಾಡಲೇ ಇಲ್ಲವಲ್ಲ." ನಂತರ ಇಬ್ಬರನ್ನೂ ನೋಡಿ, "ಏನಂತೀರಿ?" ಎಂದರು.

ಭೀಮರಾಜ ಬಾಯಿ ತೆರೆದ. ಮನೆಯ ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸಿ ರೂಢಿಯಾದವನು. ಪಕ್ಕದಲ್ಲಿ ಸೆರಗಿನ ತುದಿ ಹಿಂಡುತ್ತ ಕುಳಿತ ಹೆಂಡತಿಯನ್ನು ಕಂಡು ಮಾತು ತಡೆದುಕೊಂಡ.

"ನನ್ನ ಕೇಳಬ್ಯಾಡ್ರಿ. ಆಕಿನ್ನ ಕೇಳ್ರಿ."

ಮದುವೆಯಾದಂದಿನಿಂದ ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ. ವಿರೂಪಮ್ಮ ಸೆರಗಿನ ತುದಿ ಬಿಟ್ಟು ನೆಟ್ಟಗೆ ಕುಳಿತಳು. "ಹಾಕ್ರಿ," ಎಂದಳು. "ನಂಗಿನ್ನೂ ಬದುಕಬೇಕು ಅನಸ್ತೈತಿ."

ಯಂತ್ರ ಕೂರಿಸಿದ ಮೇಲೂ ಅಕ್ಕ ಕಣ್ಣೆದುರಿನಿಂದ ಮರೆಯಾಗಲಿಲ್ಲ. ಭಯವೂ ಪೂರ್ತಿ ಬಿಡಲಿಲ್ಲ. ಆದರೆ ಮುಂದಿನ ತಪಾಸಣೆಯ ಬೆಳಿಗ್ಗೆ ಭೀಮರಾಜ ಯಾರೂ ಹೇಳದೆಯೇ ಗಿರಣಿಗೆ ರಜೆ ಹಾಕಿ, ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕುಳಿತಿದ್ದ. ಅವಳು ಸೀರೆ ಉಟ್ಟು ಬರುವ ತನಕ ಅಲ್ಲೇ ಕಾದ.